ದೊಡ್ಡಮಾವನ ಹೆಬ್ಬೆರಳು

ದೊಡ್ಡಮಾವನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಬಲಗೈಯ ಹೆಬ್ಬೆರಳು. ಅಗಲವಾದ, ಉಗುರು ಸೀಳಿದ ಬೆರಳು. ಮಾರಲು ತಂದ ಎತ್ತಿನ ತುಟಿಯೊಳಗೆ ಅದನ್ನು ತೂರಿಸಿ, ಬಾಯಿ ಅಗಲಿಸಿ, ಒಂದೇ ನೋಟಕ್ಕೆ ವಯಸ್ಸು ಅಳೆದು “ನಾಲ್ಕು ಹಲ್ಲು” ಎನ್ನುತ್ತಿದ್ದರು, ಇಲ್ಲವೆ “ಬಾಯಿ ಕೂಡಿ ಕಾಲವಾಯ್ತು, ಮುದಿಯಾಗಿದೆ, ಹೊಡಕೊಂಡು ಹೋಗು” ಎನ್ನುತ್ತಿದ್ದರು. ಆಮೇಲೆ ಬೆರಳನ್ನು ಪಂಚೆಗೆ ಒರೆಸಿ ಅದೇ ಕೈಯಲ್ಲಿ ಕಾಫಿ ಲೋಟ ತೆಗೆದುಕೊಳ್ಳುತ್ತಿದ್ದರು. ಅವರು ನನ್ನ ಗಂಡನ ದೊಡ್ಡಪ್ಪ, ಭಾಗಮಂಡಲದ ಹತ್ತಿರದ ನಮ್ಮ ಮನೆಗೆ ಯಜಮಾನರು. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಕಾಲಿಗೆ ನಮಸ್ಕರಿಸಿ ಎದ್ದ ನನಗೆ, “ಸ್ವಲ್ಪ ನಗು ಕೂಸು” ಎಂದರು. ನಕ್ಕೆ. “ಹಲ್ಲು ಪರವಾಗಿಲ್ಲ” ಎಂದು ಒಳಗೆ ಹೋದರು. ಸುತ್ತ ಇದ್ದವರೆಲ್ಲ ನಕ್ಕರು. ಅದು ತಮಾಷೆಯಾಗಿರಲಿಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಬೇಕಾಯಿತು.

ಊರಿನವರು ಅವರನ್ನು ಜಾಣರೆನ್ನುತ್ತಿದ್ದರು. ವ್ಯಾಪಾರಿಯೊಬ್ಬ ಮುದಿ ಎತ್ತಿನ ಹಲ್ಲಿಗೆ ಅರ ಉಜ್ಜಿ ಎಳೆಯದೆಂದು ಮಾರಲು ನೋಡಿದಾಗ ಹಿಡಿದವರು ಇವರೇ. ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಪ್ರತಿ ಸಲವೂ ವ್ಯಾಪಾರಿ ಇನ್ನಷ್ಟು ದಡ್ಡನಾಗುತ್ತಿದ್ದ, ಇವರು ಇನ್ನಷ್ಟು ಎತ್ತರವಾಗುತ್ತಿದ್ದರು. ಅಮಾವಾಸ್ಯೆಯ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಒಂದೊಂದೇ ಎತ್ತಿನ ಬಾಯಿ ಬಿಡಿಸಿ, ನಾಲಿಗೆ ಪಕ್ಕಕ್ಕೆಳೆದು, ವಸಡು ಒತ್ತಿ ನೋಡುವುದು ಅವರ ಪದ್ಧತಿ. ಎತ್ತುಗಳಿಗೆ ಏನೂ ಆಗಿರುತ್ತಿರಲಿಲ್ಲ. “ಏನೂ ಆಗದಾಗಲೇ ನೋಡ್ಬೇಕು. ಆದ ಮೇಲೆ ಎಂತ ನೋಡೋದು, ಗುಂಡಿ ತೋಡೋದೇ” ಎನ್ನುತ್ತಿದ್ದರು. ಅವರ ಬಾಯಿಂದ ನಾನು ಕೇಳಿದ ಬುದ್ಧಿಯ ಮಾತು ಅದೊಂದೇ. ಅದೂ ಕೊಟ್ಟಿಗೆಯ ಬಾಗಿಲು ದಾಟಿ ಮನೆಯೊಳಗೆ ಬರಲಿಲ್ಲ.

ನಾನು ಮಡಿಕೇರಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಗೆ ಆರು ತಿಂಗಳಿಗೊಮ್ಮೆ ಮಂಗಳೂರಿನಿಂದ ಹಲ್ಲಿನ ಡಾಕ್ಟರು ಬರುತ್ತಿದ್ದರು. ಕಡ್ಡಿಯ ತುದಿಗೆ ಕೋಟಿನ ಗುಂಡಿಯಷ್ಟೇ ದೊಡ್ಡ ಕನ್ನಡಿ. ಹಲ್ಲಿನ ಬುಡದ ಕಿಟ್ಟವನ್ನು ಕೊಕ್ಕೆಯಿಂದ ಕೆರೆಯುವರು, ಹುಳುಕು ಸಾಸಿವೆಯಷ್ಟಿರುವಾಗಲೇ ತುಂಬಿಬಿಡುವರು, ಕೊನೆಗೆ ನಾಲಿಗೆ ಎತ್ತಿಸಿ, ಕೆನ್ನೆಯ ಒಳಗೆಲ್ಲ ನೋಡಿ, ದವಡೆಯ ಕೆಳಗೆ ಬೆರಳಾಡಿಸಿ ಕಳಿಸುವರು. ಮದುವೆಯಾದ ಮೇಲೂ ಅವರು ಮಡಿಕೇರಿಗೆ ಬಂದಾಗ ನನ್ನ ಎರಡು ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದೆ. ತೋಟದ ದೊರೆಗಳೂ ಅದೇ ಕುರ್ಚಿಯಲ್ಲಿ ಕೂರುತ್ತಾರೆ ಎಂದರೆ ದೊಡ್ಡಮಾವ, “ಅವ್ರಿಗೆ ಬೇರೆ ಕೆಲಸ ಇಲ್ಲ, ಬಾಯಿ ತೆರೆದು ಕೂರ್ತಾರೆ” ಎನ್ನುತ್ತಿದ್ದರು.

ಒಮ್ಮೆ ಅವರ ಹೆಂಡತಿ ದೊಡ್ಡತ್ತೆಯೂ ನಮ್ಮ ಜೊತೆ ಬಂದರು. ಬಂದದ್ದು ಬಸ್ಸಿನ ಆಸೆಗೆ. ಮಕ್ಕಳದು ಮುಗಿದ ಮೇಲೆ, ತಾನೂ ಆ ಕುರ್ಚಿಯಲ್ಲಿ ಕೂತು ನೋಡುತ್ತೇನೆ ಎಂದು ನಗುತ್ತ ಹತ್ತಿದರು. ಡಾಕ್ಟರು ಕನ್ನಡಿ ಹಿಡಿದು ಎಡಗೆನ್ನೆಯ ಒಳಗೆ ನೋಡಿದರು. ಮತ್ತೊಮ್ಮೆ ನೋಡಿದರು.

“ಎಲೆಯಡಿಕೆ ಈ ಬದಿಗೆ ಇಡುವುದಾ ಅಮ್ಮ? ಹೊಗೆಸೊಪ್ಪೂ ಉಂಟಾ?”

“ಉಂಟಪ್ಪ.”

“ಇಲ್ಲಿ ನೋವುಂಟಾ?”

“ಎಂತದೂ ಇಲ್ಲ.”

“ನೋವಿದ್ದಿದ್ದರೆ ನೀವೇ ಓಡಿ ಬರ್ತಿದ್ರಿ. ಹೊಗೆಸೊಪ್ಪು ಇವತ್ತೇ ಬಿಡಿ. ಆರು ತಿಂಗಳಿಗೆ ತಪ್ಪದೆ ತೋರಿಸಿ. ದಪ್ಪ ಆಗ್ತಾ ಇದ್ರೆ ಚಿಕ್ಕದಿರುವಾಗಲೇ ತೆಗೆಸಿಬಿಡುವ.”

ಕನ್ನಡಿಯಲ್ಲಿ ನನಗೂ ತೋರಿಸಿದರು. ಹಾಲಿನ ಕೆನೆಯ ಚೂರೊಂದು ಅಂಟಿಕೊಂಡಂತೆ ಬಿಳಿ ಮಚ್ಚೆ.

ಮನೆಗೆ ಬಂದು ಹೇಳಿದೆ. ದೊಡ್ಡಮಾವ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು.

“ಇವಳ ಬಾಯಿ ಬಿಡಿಸಿ ನೋಡಿದ್ನಾ?”

“ಹೌದು ದೊಡ್ಡಮಾವ.”

“ಎಷ್ಟು ಹಲ್ಲು ಅಂದ?”

ಯಾರೂ ನಗಲಿಲ್ಲ. ಅವರೂ ನಗಲಿಲ್ಲ. “ಕೊಳ್ಳೋನು ಬಾಯಿ ನೋಡ್ತಾನೆ. ಕೊಳ್ಳದವನಿಗೆ ಅಲ್ಲಿ ಎಂತ ಕೆಲಸ? ನಮ್ಮ ಮನೆ ಹೆಂಗಸನ್ನ ಮಾರೋಕೆ ಇಟ್ಟಿದ್ದೇವಾ?”

ಅವರು ಇದನ್ನು ನಿಜವಾಗಿ ನಂಬಿದ್ದರು. ಬಾಯಿ ನೋಡುವುದೆಂದರೆ ಬೆಲೆ ಕಟ್ಟುವುದು, ಇಲ್ಲವೆ ಕೊಟ್ಟ ಬೆಲೆಯನ್ನು ಕಾಯುವುದು. ಮೂರನೆಯ ಕಾರಣವೊಂದು ಇರಬಹುದೆಂದು ಆ ತಲೆಗೆ ಹೊಳೆದಿರಲಿಲ್ಲ. ನಾನು ಧೈರ್ಯ ಮಾಡಿ, “ಅಮಾವಾಸ್ಯೆಗೆ ನೀವು ಎತ್ತುಗಳಿಗೆ ಮಾಡ್ತೀರಲ್ಲ, ಡಾಕ್ಟರು ಮಾಡಿದ್ದೂ ಅದೇ” ಎಂದೆ.

“ಎತ್ತು ಹೇಳೋದಿಲ್ಲ ಕೂಸು. ಮನುಷ್ಯರಿಗೆ ನಾಲಿಗೆ ಉಂಟು. ನೋವಾದ್ರೆ ಹೇಳ್ತಾರೆ.”

ದೊಡ್ಡತ್ತೆ ಕಂಬದ ಹಿಂದೆ ನಿಂತಿದ್ದರು. ಅವರು ಗಂಡನೆದುರು ಒಂದು ಪೂರ್ತಿ ವಾಕ್ಯ ಆಡಿದ್ದನ್ನು ಆ ಮನೆಯಲ್ಲಿ ನಾನು ಕೇಳಿರಲಿಲ್ಲ.

ಆರು ತಿಂಗಳಾದಾಗ ಬಸ್ಸಿನವರೆಗೆ ಹೋಗಲು ಗಾಡಿ ಕೇಳಿದೆ. “ಎತ್ತಿಗೆ ದಣಿವಾಗಿದೆ” ಎಂದರು. ನಡೆದೇ ಹೋಗೋಣವೆಂದು ದೊಡ್ಡತ್ತೆಯನ್ನು ಕರೆದರೆ, “ಬೇಡ ಕೂಸು, ಅವರಿಗೆ ಸಿಟ್ಟು ಬರ್ತದೆ. ನೋವಿಲ್ಲವಲ್ಲ” ಎಂದು ಬಾಯಿ ಮುಚ್ಚಿಕೊಂಡರು. ಮುಂದಿನ ಬೇಸಿಗೆಗೆ ಅವರು ತಮ್ಮ ಪಾಲಿನ ಸಾರಿಗೆ ನೀರು ಬೆರೆಸಿಕೊಳ್ಳುತ್ತಿದ್ದುದನ್ನು ಕಂಡೆ, ಖಾರ ಉರಿಯುತ್ತಿತ್ತು. ಆಮೇಲೆ ಗಂಜಿ. ನನ್ನ ಗಂಡ ಕೊನೆಗೂ ದೊಡ್ಡಪ್ಪನ ಮಾತು ಮೀರಿ ಕರೆದೊಯ್ದರು. ಡಾಕ್ಟರು ನೋಡಿ, ಬಹಳ ಹೊತ್ತು ಕೈ ತೊಳೆದರು. ಮಳೆಗಾಲ ಕಳೆದು ತುಲಾ ಸಂಕ್ರಮಣದ ತೀರ್ಥ ಮನೆಗೆ ಬರುವ ಹೊತ್ತಿಗೆ ದೊಡ್ಡತ್ತೆ ಇರಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ದೊಡ್ಡಮಾವ ಜಗಲಿಯ ಅದೇ ಜಾಗದಲ್ಲಿ ಕೂತು ಹೇಳುತ್ತಿದ್ದರು: “ಒಂದು ದಿನ ನೋವು ಅನ್ನಲಿಲ್ಲ ಮಾರಾಯ. ಹೇಳಿದ್ರೆ ನಾನು ಬಿಡ್ತಿದ್ನಾ?” ಬಂದವರು ತಲೆಯಾಡಿಸುತ್ತಿದ್ದರು. ನಾನು ಕಾಫಿ ಕೊಡುತ್ತಿದ್ದೆ.

ಮರುವರ್ಷ ನನ್ನ ಗಂಡನಿಗೆ ಶ್ರೀಮಂಗಲದ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿ ನಾವು ಹೊರಟೆವು. ದೊಡ್ಡಮಾವನನ್ನು ಕಡೆಯದಾಗಿ ಕಂಡದ್ದು ಆ ಬೆಳಿಗ್ಗೆ. ಅಂಗಳದಲ್ಲಿ ಗಾಡಿ ಕಟ್ಟುತ್ತಿದ್ದರು. ದೊಡ್ಡಮಾವ ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು ನನ್ನನ್ನು ಮನೆಯ ಪಕ್ಕಕ್ಕೆ, ಬಿಸಿಲಿಗೆ ಕರೆದರು.

“ಕೂಸು, ನೀನು ಆ ಮಚ್ಚೆ ನೋಡಿದ್ದೀಯಲ್ಲ. ಸ್ವಲ್ಪ ಇಲ್ಲಿ ನೋಡು. ಬೆಳ್ಳಗೆ ಎಂತಾದ್ರೂ ಕಾಣ್ತದಾ?”

ಆ ಹೆಬ್ಬೆರಳನ್ನು ತನ್ನದೇ ತುಟಿಯೊಳಗೆ ಸಿಕ್ಕಿಸಿ ಬಾಯಿ ಅಗಲಿಸಿ ನಿಂತರು. ಕಣ್ಣುಗಳು ನನ್ನ ಮುಖದ ಮೇಲಿಂದ ಕದಲಲಿಲ್ಲ.

ನೋಡಿದೆ. ಎರಡು ಕೆನ್ನೆಯೂ ಚೊಕ್ಕವಾಗಿದ್ದವು, ಹಲ್ಲುಗಳೆಲ್ಲ ಇದ್ದವು. ಹೇಳಲು ಅವಸರ ಮಾಡಲಿಲ್ಲ. ಆ ಹೆಬ್ಬೆರಳು ನಡುಗತೊಡಗುವವರೆಗೂ ನೋಡುತ್ತಲೇ ನಿಂತಿದ್ದೆ.