ಅಗುಳು ಹಿಸುಕಿ ನೋಡಿದ ಅಪ್ಪ

ಕಂಪ್ಲಿಯ ರೈಸ್‌ಮಿಲ್ಲಿನಲ್ಲಿ ದುಡಿಯುವ ಅಪ್ಪ ಎರಡನೇ ತುತ್ತಿಗೇ ಕೈ ನಿಲ್ಲಿಸಿ, ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ನೋಡಿದರು. ಹಂಪಿಯ ಹೆಸರುವಾಸಿ ಕೆಫೆ, ಒಂದು ತಟ್ಟೆ ಚಿತ್ರಾನ್ನಕ್ಕೆ ಇನ್ನೂರು ರೂಪಾಯಿ. ಹಟ ಮಾಡಿ ಕರೆದೊಯ್ದಿದ್ದ ನಾನು ಬೈಸಿಕೊಳ್ಳಲು ಸಿದ್ಧಳಾದೆ. ಅಪ್ಪ ಅಡುಗೆಯವರನ್ನು ಕರೆಸಿದರು.

“ಇದು ನಮ್ಮ ಕಡೀ ಸೋನಾ ಮಸೂರಿ. ವರ್ಷದ ಮ್ಯಾಲ ಇಟ್ಟು ಹಳೇದು ಮಾಡೀರಿ, ಹೌದಲ್ರಿ?”

ಅಡುಗೆಯವರು ಒರೆಸಿಕೊಳ್ಳುತ್ತಿದ್ದ ಕೈಗಳನ್ನು ಹಾಗೇ ಜೋಡಿಸಿದರು. “ಹೌದ್ರಿ. ಬಂದೋರೆಲ್ಲಾ ಫೋಟೋ ತಗೀತಾರ. ಅಕ್ಕಿ ಗುರ್ತು ಹಿಡದೋರು ನೀವೊಬ್ರ.”

“ಹಂಗಾದ್ರ ಇನ್ನೂರು ಭಾಳ ಆಗ್ಲಿಲ್ಲ ಬಿಡ್ರಿ,” ಎಂದು ಅಪ್ಪ ತಟ್ಟೆ ಬಳಿದು ಉಂಡರು.

ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದವರಿಗೆ ‘ಮಿಲ್ಲಿನಲ್ಲಿದ್ದಾರೆ’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಿದ್ದೆ. ಈಗ ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ.