ಅಲುಗದಂತೆ ಕಟ್ಟುವ ನೀಲಗಂಗಮ್ಮ

ತ್ಯಾಗರಾಜನಗರದ ಆ ರಸ್ತೆಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಹಿತ್ತಿಲ ಕಡೆಯ ಒಂದೇ ಕೋಣೆಯ ಮನೆಯಲ್ಲಿ ನೀಲಗಂಗಮ್ಮ ಚಾಪೆಯ ಮೇಲೆ ಕೂತು, ಪುಟ್ಟ ರಟ್ಟಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಏನೋ ಸಣ್ಣಗೆ ಕಟಕ್ ಎನ್ನುತ್ತದೆ. ಟೇಪು ಕಿತ್ತು ಮತ್ತೆ ಮೊದಲಿಂದ ಶುರು.

"ಗಾಡಿ ಓಡಾಟ ಶುರುವಾದ್ರೆ ಈ ಸದ್ದು ಕೇಳ್ಸಲ್ಲ ಮೇಡಂ. ಅದಕ್ಕೇ ಬೇಗ ಏಳೋದು," ಎಂದು ಮಾತಾಡಿಸಲು ಬಂದ ನನಗೆ ಹೇಳುತ್ತಾರೆ.

ಡಬ್ಬಿಯಲ್ಲಿರುವುದು ಕೀ ಕೊಡುವ ಹಳೇ ಕಾಲದ ಕೈಗಡಿಯಾರ. ಇವತ್ತು ಕೊರಿಯರ್‌ನಲ್ಲಿ ಜೋಧಪುರಕ್ಕೆ ಹೊರಡಬೇಕು. ಬಕಲ್ಲು ಗಾಜಿಗೆ ತಾಗದಂತೆ ಪಟ್ಟಿಯ ನಡುವೆ ಸ್ಪಂಜು ಇಡುತ್ತಾರೆ. ವಾಚನ್ನು ಸಣ್ಣ ಕವರಿಗೆ ಹಾಕಿ, ಒಗೆದ ಹತ್ತಿ ಸೀರೆಯ ತುಂಡಿನಲ್ಲಿ ಸುರುಳಿ ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಡುತ್ತಾರೆ. ಹೊರಗಿನ ಡಬ್ಬಿಯ ಮೇಲೆ 'ವಾಚ್' ಎಂದು ಬರೆಯುವುದಿಲ್ಲ. "ಬರೆದ್ರೆ ದಾರೀಲೇ ಯಾರಾದ್ರೂ ಎತ್ಕೊಂಡುಬಿಡ್ತಾರೆ."

ಗಂಡ ಗುರುಶಾಂತಪ್ಪ ಜಯನಗರದಲ್ಲಿ ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ ವಾಚ್ ರಿಪೇರಿ ಮಾಡುತ್ತಿದ್ದರು. ಊರ ಹೊರಗಿನ ಗಿರಾಕಿಗಳ ವಾಚುಗಳನ್ನು ಕಟ್ಟಿ ಕಳಿಸುವುದು ನೀಲಗಂಗಮ್ಮನ ಪಾಲಿಗೆ ಬಂದಿತ್ತು. ಮೊದಮೊದಲು ಒಂದು ವಾಚು ಗಾಜು ಒಡೆದುಕೊಂಡು ವಾಪಸು ಬಂತು. "ನಮ್ಮ ಯಜಮಾನ್ರು ಬೈಲಿಲ್ಲ. ಇನ್ನೊಂದ್ಸಲ ಕೂತು ಗಾಜು ಹಾಕಿದ್ರು. ಬೈದಿದ್ರೇ ಚೆನ್ನಾಗಿರೋದು ಅನ್ನಿಸ್ತು." ಮಕ್ಕಳಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿ ಕೈಬಿಟ್ಟುಹೋಯಿತು, ಕಟ್ಟುವ ಕೆಲಸ ಮಾತ್ರ ಉಳಿಯಿತು. ಈಗ ಜೆ.ಪಿ. ನಗರದ ಮೋಹಿತ್ ಆನ್‌ಲೈನಿನಲ್ಲಿ ಮಾರುವ ಹಳೆಯ ವಾಚುಗಳೆಲ್ಲ ಇವರ ಕೈ ದಾಟಿಯೇ ಹೋಗಬೇಕು.

ಹೋದ ವರ್ಷ ಆ ಕೆಲಸವೂ ತಪ್ಪಿತ್ತು. ದೂರದೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, ಡಬ್ಬಿಯಲ್ಲಿ ವಾಚೇ ಇಲ್ಲ, ಬರೀ ಹಳೇ ಬಟ್ಟೆ ಇದೆ ಎಂದರು. ಮೋಹಿತ್ ಬಾಯಿಬಿಟ್ಟು ಏನೂ ಹೇಳಲಿಲ್ಲ. ವಾಚು ಕೊಡುವುದನ್ನು ನಿಲ್ಲಿಸಿದರು, ಅಷ್ಟೇ.

"ಕಳ್ಳಿ ಅಂದಿದ್ರೆ ಇಲ್ಲ ಕಣಪ್ಪ ಅನ್ನಬಹುದಿತ್ತು. ಯಾರೂ ಏನೂ ಅನ್ಲಿಲ್ವಲ್ಲ. ಯಾರ ಹತ್ರ ಹೋಗಿ ಇಲ್ಲ ಅನ್ಲಿ?" ಮಳೆಗಾಲವೆಲ್ಲ ಅವರು ಈ ಚಾಪೆಯ ಮೇಲೆ ಸುಮ್ಮನೆ ಕೂತರು. ಬೆಳಗ್ಗೆ ಎಚ್ಚರ ಮಾತ್ರ ಅದೇ ಹೊತ್ತಿಗೆ ಆಗುತ್ತಿತ್ತು.

ದಸರೆಗೆ ಮನೆ ಗುಡಿಸುವಾಗ ಆ ಗಿರಾಕಿಯ ಮಗಳಿಗೆ ಅಟ್ಟದ ಮೇಲೆ ಎಸೆದಿದ್ದ ಬಟ್ಟೆಯ ಸುರುಳಿ ಸಿಕ್ಕಿತು. ಬಿಚ್ಚಿದರೆ ಒಳಗೆ ವಾಚು. ಒಂದು ಗೀರೂ ಬಿದ್ದಿರಲಿಲ್ಲ. ಬರೀ ಬಟ್ಟೆ ಎಂದುಕೊಂಡು ಯಾರೂ ಅದನ್ನು ಬಿಚ್ಚಿಯೇ ನೋಡಿರಲಿಲ್ಲ.

ಸುದ್ದಿ ತಿಳಿದ ಮೋಹಿತ್ ತಾವೇ ನೀಲಗಂಗಮ್ಮನ ಮನೆಗೆ ಬಂದರು. ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಆಂಟಿ, ಸಾರಿ. ನಾನು ಒಂದ್ಮಾತು ನಿಮ್ಮನ್ನ ಕೇಳ್ಬೇಕಿತ್ತು."

"ಕೂತ್ಕೋ, ಕಾಫಿ ಕುಡಿ," ಎಂದರಂತೆ ಇವರು. "ಇನ್ನೇನು ಹೇಳೋದು ಮೇಡಂ? ಅಷ್ಟು ದಿನದ ಮೇಲೆ ಮನೆಗೆ ಒಬ್ರು ಬಂದಿದ್ರು."

ಅಂದಿನಿಂದ ಪ್ರತಿ ಸುರುಳಿಯ ಮೇಲೂ 'ಒಳಗೆ ವಾಚ್ ಇದೆ' ಎಂಬ ಚೀಟಿ ಅಂಟಿಸುತ್ತಾರೆ. ಸ್ಟೀಲ್ ಡಬ್ಬಕ್ಕೆ ಮೊಬೈಲ್ ಒರಗಿಸಿ, ಕಟ್ಟುವುದನ್ನೆಲ್ಲ ವಿಡಿಯೊ ಮಾಡುತ್ತಾರೆ. ಅದರಲ್ಲಿ ಕಾಣುವುದು ಎರಡು ಕೈ ಮಾತ್ರ. "ಇದು ಜೋಧಪುರಕ್ಕೆ ಹೋಗೋದು. ಗಾಜು ಚೆನ್ನಾಗಿದೆ, ಮುಳ್ಳು ಓಡ್ತಿದೆ," ಎಂದು ಮೊಬೈಲಿಗೆ ನಿಧಾನವಾಗಿ ಹೇಳುತ್ತಾರೆ.

ಈ ವಿಡಿಯೊ ಯಾರು ನೋಡುತ್ತಾರೆ?

"ಯಾರೂ ನೋಡಲ್ಲ. ತಕರಾರು ಬಂದ್ರೆ ತಾನೇ ನೋಡೋದು?" ಡಬ್ಬಿಗೆ ಟೇಪು ಅಂಟಿಸುತ್ತಾ ಸೇರಿಸುತ್ತಾರೆ: "ಕೆಲವು ದಿನ ನಾನು ಬಾಯ್ಬಿಟ್ಟು ಮಾತಾಡೋದು ಅಂದ್ರೆ ಅದೊಂದೇ."

ಬಿಸಿಲೇರಿದ ಮೇಲೆ ಕೊರಿಯರ್ ಹುಡುಗಿ ಅರ್ಪಿತ ಗೇಟಿನಾಚೆಯಿಂದಲೇ ಹಾರ್ನ್ ಮಾಡುತ್ತಾಳೆ. ನೀಲಗಂಗಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಸ್ಕೂಟರ್ ತಿರುವು ದಾಟುವವರೆಗೆ ನಿಲ್ಲುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಒಡೆದ್ರೆ ಎಲ್ರೂ ಫೋನ್ ಮಾಡ್ತಾರೆ. ಚೆನ್ನಾಗಿ ಹೋಗಿ ಸೇರಿದಾಗ್ಲೂ ಯಾರಾದ್ರೂ ಒಬ್ರು ಫೋನ್ ಮಾಡಿ, ಬಂತು ಕಣಮ್ಮ ಅಂದ್ರೆ ಸಾಕು."