ಅರ್ಥಿಂಗ್ ಗುಂಡಿಗೆ ಒಂದು ಬಿಂದಿಗೆ ನೀರು

ಕಳೆದ ವಾರ ನಮ್ಮ ಮನೆಯ ಹಿಂದೆ, ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಗುಂಡಿಯ ಮುಚ್ಚಳ ಒಡೆದಿತ್ತು. ಕರೆಂಟಿನವನು ಬಂದು ಒಳಗಿದ್ದದ್ದನ್ನೆಲ್ಲ ಬಗೆದು ಹೊರಗೆ ಹಾಕಿದ. ಒದ್ದೆ ಇದ್ದಿಲು, ಅರ್ಧ ಕರಗಿದ ಕಲ್ಲುಪ್ಪು, ಕಪ್ಪು ಮಣ್ಣು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಹಿಂದೆಯೇ ಇನ್ನೊಂದು ವಾಸನೆ ತಾನಾಗಿ ಬಂತು... ನಶ್ಯದ್ದು. ಥೂ! ಮೂವತ್ತು ವರ್ಷದ ಮೇಲಾಯಿತು, ಇನ್ನೂ ಮೂಗು ಬಿಟ್ಟು ಹೋಗಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ವಕ್ಕಲೇರಿಯಿಂದ ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಮಾಡುತ್ತಿದ್ದೆ. ಯಾವ ಕಚೇರಿ ಅನ್ನುವುದು ಬೇಡ. ಕೆಲಸ ಟೆಂಪರರಿ. ಅಲ್ಲಿಗೆ ಕಂಪ್ಯೂಟರ್ ಬಂದಾಗ, ಟೈಪಿಂಗ್ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಅದರ ಮುಂದೆ ಕೂರಿಸಿದರು. ದೊಡ್ಡ ಮೆಷಿನ್ನು ಮೂಲೆಯ ಕೋಣೆಯಲ್ಲಿ, ಅಲ್ಲಿಂದ ಉದ್ದಕ್ಕೆ ಕೇಬಲ್ಲು, ನನ್ನ ಮೇಜಿನ ಮೇಲೆ ಬರೀ ಒಂದು ಪರದೆ ಮತ್ತು ಕೀಬೋರ್ಡು. ಅದಕ್ಕೆ ಟರ್ಮಿನಲ್ ಅನ್ನುತ್ತಿದ್ದರು. ಚಿತ್ರ ಗಿತ್ರ ಏನೂ ಇಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಆಜ್ಞೆ ಹೊಡೆದರೆ, ಹಿಪ್ಪುನೇರಳೆ ಬೆಳೆಯುವ ರೈತರ ಪಟ್ಟಿ ಹಸಿರು ಅಕ್ಷರದಲ್ಲಿ ಸಾಲುಸಾಲಾಗಿ ಬರುತ್ತಿತ್ತು.

ನನ್ನ ಪಕ್ಕದ ಮೇಜು ಹೆಡ್ ಕ್ಲರ್ಕ್ ಸಾರ್ ಅವರದು. ಅದೇ ನನ್ನ ಕರ್ಮ. ಗಳಿಗೆಗೊಂದು ಚಿಟಿಕೆ ನಶ್ಯ, ಎರಡೂ ಹೊಳ್ಳೆಗೆ. ಆಮೇಲೆ ಮೂರು ಸೀನು. ಮೀಸೆಯ ಮೇಲೆ ಕಂದು ಬಣ್ಣದ ನೀರು ಇಳಿಯುತ್ತಿತ್ತು. ಅದನ್ನು ಒರೆಸಿ ಒರೆಸಿ ಬಿಳಿ ಕರ್ಚೀಫು ಚಪ್ಪಲಿಯ ತೊಗಲಿನ ಹಾಗೆ ಆಗಿರುತ್ತಿತ್ತು. ಅದೇ ಬೆರಳಲ್ಲಿ ಫೈಲು, ಅದೇ ಬೆರಳಲ್ಲಿ ಕಾಫಿ ಲೋಟ. ಅವರು ಮುಟ್ಟಿದ ಕಾಗದವನ್ನು ನಾನು ಸ್ಕೇಲಿನಿಂದ ಎಳೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇದು ಸಾಲದು ಅಂತ, ಊಟದ ಹೊತ್ತಿಗೆ ಒಂದು ಸಲ, ಸಂಜೆ ಒಂದು ಸಲ, ಕಚೇರಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಆ ಕರ್ಚೀಫು ಒಗೆಯುತ್ತಿದ್ದರು. ಅಲ್ಲಿ ಗೋಡೆಯ ಬುಡದಲ್ಲಿ ಮೆಷಿನ್ನಿನ ಅರ್ಥಿಂಗ್ ಗುಂಡಿ ಇತ್ತು. ಮೂಗು, ಬಾಯಿ, ಕೈಕಾಲು ಎಲ್ಲ ತೊಳೆದ ನೀರು ಸೀದಾ ಆ ಗುಂಡಿಗೆ. ನನ್ನ ಕಿಟಕಿಗೆ ಅದು ಸರಿಯಾಗಿ ಕಾಣುತ್ತಿತ್ತು. ಕೋಲಾರದಲ್ಲಿ ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬರುತ್ತಿದ್ದ ಕಾಲ. ಕುಡಿಯುವುದಕ್ಕೆ ತಾಪತ್ರಯ, ಈ ಮನುಷ್ಯನಿಗೆ ಮೂಗು ತೊಳೆಯಲು ಒಂದು ಬಿಂದಿಗೆ ಬೇಕು ಅಂತ ನಾನು ಅಟೆಂಡರ್ ಹತ್ತಿರ ಉರಿದುಕೊಂಡು ಮಾತಾಡಿದ್ದೆ.

ಆ ಬೇಸಗೆಯಲ್ಲಿ ಅವರ ಹೆಂಡತಿಗೆ ಲಕ್ವ ಹೊಡೆಯಿತು. ಮಕ್ಕಳಿಲ್ಲ. ಹತ್ತು ದಿನ ರಜ ಹಾಕಿದರು. ನನಗೆ ಪಾಪ ಅನ್ನಿಸಬೇಕಿತ್ತು, ಹತ್ತು ದಿನ ನೆಮ್ಮದಿಯಾಗಿ ಉಣ್ಣಬಹುದು ಅನ್ನಿಸಿತು.

ಐದನೆಯ ದಿನವೋ ಆರನೆಯ ದಿನವೋ ಅಕ್ಷರಗಳಿಗೆ ಏನೋ ಆಯಿತು. ಪಟ್ಟಿ ಕೇಳಿದರೆ ಮೊದಲ ನಾಲ್ಕು ಸಾಲು ನೆಟ್ಟಗೆ ಬಂದು, ಆಮೇಲೆ ಬರೀ ಕೊಕ್ಕೆ, ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕೂರುತ್ತಿತ್ತು. ಬೈರಕೂರಿನ ರೈತನ ಹೆಸರಿನ ಬಾಲ ವಕ್ಕಲೇರಿಯವನ ಹೆಸರಿಗೆ ಅಂಟಿಕೊಳ್ಳುತ್ತಿತ್ತು. ಪರದೆ ಅಳಿಸುವ ಆಜ್ಞೆ ಹೊಡೆದೆ, ಆರಿಸಿ ಮತ್ತೆ ಹಾಕಿದೆ, ಕೇಬಲ್ಲಿನ ಎರಡೂ ತುದಿ ಕಿತ್ತು ಬಟ್ಟೆಯಿಂದ ಒರೆಸಿ ಮತ್ತೆ ಸಿಕ್ಕಿಸಿದೆ. ಪುಸ್ತಕ ನೋಡಿಕೊಂಡು, ಮೆಷಿನ್ನೂ ಪರದೆಯೂ ಮಾತಾಡುವ ವೇಗ ಒಂದೇ ಇದೆಯಾ ಅಂತ ಪರೀಕ್ಷಿಸಿದೆ. ಒಂದೇ ಇತ್ತು. ಅಟೆಂಡರ್ ಬಂದು ಟರ್ಮಿನಲ್ ನೆತ್ತಿಗೆ ಎರಡು ಬಿಟ್ಟ. ನಮ್ಮ ಸಾಹೇಬರು ಅದಕ್ಕೆ ದೃಷ್ಟಿ ತೆಗೆಸಿದರು. ಒಂದು ಅಕ್ಷರವೂ ಸರಿಹೋಗಲಿಲ್ಲ.

ಸಾಹೇಬರಿಗೆ ಭಯ ಶುರುವಾಯಿತು. ಮೇಲಿನವರು ಕೇಳಿದರೆ ಯಾರ ತಲೆಗೆ ಕಟ್ಟುವುದು? ರಜದಲ್ಲಿರುವವನ ತಲೆ ಯಾವಾಗಲೂ ಅಗ್ಗ.

"ನಶ್ಯದ ಪುಡಿ ಒಳಗೆ ಹೋಗಿದೆ ಕಣಮ್ಮ, ಇನ್ನೇನಿರುತ್ತೆ? ಆಪರೇಟರ್ ನೀನು, ನೀನೇ ಬರೆದುಕೊಡು. ನಿನ್ನ ಪರ್ಮನೆಂಟ್ ವಿಚಾರಾನೂ ಮೇಲಕ್ಕೆ ಬರೀಬೇಕಲ್ಲ ನಾನು," ಅಂದರು.

ಬರೆದುಕೊಟ್ಟೆ. ಹೆಡ್ ಕ್ಲರ್ಕರು ಪದೇ ಪದೇ ಬೇಡವೆಂದರೂ ಟರ್ಮಿನಲ್ ಬಳಿ ನಶ್ಯ ಉಪಯೋಗಿಸುತ್ತಿದ್ದು, ಅದರಿಂದಲೇ ಯಂತ್ರ ಕೆಟ್ಟಿದೆ ಅಂತ. ನಾನು ಒಂದು ಸಲವೂ ಬೇಡ ಅಂದವಳಲ್ಲ. ಮುಖ ತಿರುಗಿಸಿದವಳು, ಅಷ್ಟೇ. ನೌಕರಿಯ ಆಸೆಗೆ ಬರೆದೆ ಅಂದರೆ ಅದು ಅರ್ಧ ಸುಳ್ಳು. ಅಸಹ್ಯಕ್ಕೆ ಬರೆದೆ. ಆ ಮನುಷ್ಯ ಇದ್ದಷ್ಟು ದಿನ ಒಂದು ಅಕ್ಷರ ಕೆಟ್ಟಿರಲಿಲ್ಲ, ಇಲ್ಲದಾಗ ಕೆಟ್ಟಿತು. ಇದು ನನ್ನ ತಲೆಗೆ ಹೊಳೆಯಲಿಲ್ಲ ಅಂತಲ್ಲ, ಹೊಳೆಯಲು ನಾನು ಬಿಡಲಿಲ್ಲ.

ರಜ ಮುಗಿದು ಅವರು ಕೆಲಸಕ್ಕೆ ಬಂದರು. ಗಡ್ಡ ಬೆಳೆದಿತ್ತು. ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಹೋಗಿ ಹೆಂಡತಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಬರಬೇಕು ಅಂತ ಸಾಹೇಬರ ಹತ್ತಿರ ಅರ್ಧ ಗಂಟೆ ಬಿಡುವು ಬೇಡಿಕೊಂಡರು. ಮನೆ ಪೇಟೆಯಲ್ಲೇ, ನಡೆದು ಹೋಗುವಷ್ಟು ದೂರ. ಇಡೀ ಕಚೇರಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮಲ್ಲಿ ಯಾವ ಕಾಗದಕ್ಕೂ ನಂಬರು ಹಾಕಿ ಸೀಲು ಒತ್ತುವವರು ಹೆಡ್ ಕ್ಲರ್ಕೇ. ನನ್ನ ಕಾಗದವೂ ಅವರ ಮೇಜಿಗೇ ಹೋಯಿತು. ಪಕ್ಕದಲ್ಲೇ ಕೂತಿದ್ದೆ. ಕನ್ನಡಕ ಏರಿಸಿ ಓದಿದರು. ಕೆಳಗಿನ ಸಹಿ ನೋಡಿದರು. ನಂಬರು ಹಾಕಿದರು, ತಾರೀಕು ಬರೆದರು, ಸೀಲು ಒತ್ತಿದರು. ಸೀಲಿನ ಶಾಯಿ ಒಣಗಲಿ ಅಂತ ಊದಿದರು. ಆಮೇಲೆ "ಏಂ ಚೇಸೇದಿ..." ಏನು ಮಾಡೋದು, ಅಂತ ತೆಲುಗಿನಲ್ಲಿ ತಮಗೆ ತಾವೇ ಅಂದುಕೊಂಡು, ಕಾಗದವನ್ನು ಮೇಲಕ್ಕೆ ಹೋಗುವ ಕಟ್ಟಿನಲ್ಲಿಟ್ಟರು.

ಹದಿನೈದು ದಿನಕ್ಕೆ ಅವರಿಗೆ ಶ್ರೀನಿವಾಸಪುರಕ್ಕೆ ವರ್ಗ ಬಂತು. ಹೋಗುವ ದಿನ ಅವರು ನನ್ನ ಮೇಜಿನ ಹತ್ತಿರ ಬಂದು ಬಗ್ಗಿದರು. ಅದೇ ವಾಸನೆ. ನಾನು ಕುರ್ಚಿ ಹಿಂದಕ್ಕೆ ಎಳೆದುಕೊಂಡೆ.

"ತಾಯೀ, ಹಿಂದ್ಗಡೆ ಆ ಗುಂಡಿಗೆ ದಿನಾ ಒಂದು ಬಿಂದಿಗೆ ನೀರು ಹಾಕ್ತಿರು. ಬಿಡಬೇಡ," ಅಂದರು. ಈ ಹದಿನೈದು ದಿನ ಮನೆ ಓಡಾಟದಲ್ಲಿ ತಮಗೂ ಆಗಲಿಲ್ಲ ಅಂತಲೂ ಸೇರಿಸಿದರು.

ನನಗೆ ಮೈಯೆಲ್ಲ ಉರಿಯಿತು. ಇವರ ಸಿಂಬಳ ಬಳಿದ ಜಾಗ ನಾನು ತೊಳೆಯಬೇಕಾ! ಅವರು ಬೆನ್ನು ತಿರುಗಿಸಿದ ಮೇಲೆ ಅವರು ಕೈಯೂರಿದ್ದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರಾ... ಗೊತ್ತಿಲ್ಲ. ತಲೆ ಎತ್ತಲಿಲ್ಲ.

ವಾರ ಕಳೆದು ಬೆಂಗಳೂರಿನಿಂದ ಎಂಜಿನಿಯರ್ ಬಂದ. ಕೀಬೋರ್ಡು ಬಿಚ್ಚಿ ತಲೆಕೆಳಗು ಮಾಡಿದ. ನಾನು ಕುತ್ತಿಗೆ ಚಾಚಿ ನೋಡಿದೆ. ಬಿದ್ದದ್ದು ನನ್ನದೇ ಒಂದು ಕೂದಲೆಳೆ, ಎರಡು ಅವಲಕ್ಕಿ ಚೂರು. ನಶ್ಯ ಒಂದು ಚಿಟಿಕೆಯೂ ಇರಲಿಲ್ಲ. ಅವನು ಮೀಟರ್ ಹಿಡಿದುಕೊಂಡು ಹಿಂದೆ ಹೋಗಿ ಗುಂಡಿಯ ಕಲ್ಲು ಎತ್ತಿದ. ಒಳಗೆ ಉಪ್ಪು ಇದ್ದಿಲು ಬಿರುಕು ಬಿಟ್ಟು ಬೂದಿಯಂತಾಗಿತ್ತು.

"ಅರ್ಥಿಂಗ್ ಒಣಗಿ ಹೋಗಿದೆ. ಇದು ಒದ್ದೆ ಇಲ್ದಿದ್ರೆ ಲೈನಲ್ಲಿ ಬರೋ ಅಕ್ಷರ ಎಲ್ಲಾ ಹಾಳಾಗ್ತವೆ. ಇಷ್ಟು ದಿನ ಯಾರೋ ನೀರು ಹಾಕ್ತಿದ್ರಲ್ಲ, ಯಾರು?"

ಅಟೆಂಡರ್ ನನ್ನ ಮುಖ ನೋಡಿದ. ಸಾಹೇಬರು ಗೋಡೆ ನೋಡಿದರು. ನಾನು ಬಿಂದಿಗೆ ತರಲು ಹೋದೆ. ಮೂರು ಬಿಂದಿಗೆ ನೀರು ಸುರಿದು ಒಳಗೆ ಬಂದು ಪಟ್ಟಿ ಕೇಳಿದರೆ, ಮೊದಲಿನಿಂದ ಕೊನೆಯವರೆಗೆ ಪ್ರತಿ ಸಾಲೂ ಅಲ್ಲಾಡದೆ ನಿಂತಿತು. ಗುಂಡಿ ತೋಡಿದ ದಿನ ಅದನ್ನು ಒದ್ದೆ ಇಡಿ ಅಂತ ವೈರಿಂಗ್‌ನವರು ಹೆಡ್ ಕ್ಲರ್ಕಿಗೇ ಹೇಳಿ ಹೋಗಿದ್ದರಂತೆ, ಅಟೆಂಡರ್ ಆಮೇಲೆ ಹೇಳಿದ. ಕುಡಿಯುವ ನೀರು ಗುಂಡಿಗೆ ಸುರಿದರೆ ಜನ ಬೈತಾರೆ ಅಂತ, ತಮ್ಮ ಮೈ ತೊಳೆದ ನೀರನ್ನೇ ಅಲ್ಲಿಗೆ ಬಿಡುತ್ತಿದ್ದರು.

ನನ್ನ ಕಾಗದ ವಾಪಸ್ ತೆಗೆಸಿ ಅಂತ ಸಾಹೇಬರನ್ನು ಒಂದು ಸಲ ಕೇಳಿದೆ. "ಸುಳ್ಳು ಬರೆದೆ ಅಂತ ಈಗ ನೀನೇ ಬರೆದುಕೊಡ್ತೀಯಾ?" ಅಂದರು. ಬರೆದುಕೊಡಲಿಲ್ಲ. ಆ ವರ್ಷವೇ ಪರ್ಮನೆಂಟ್ ಆದೆ. ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು, ನಾನೂ ತಿಂದೆ.

ಮುಂದಿನ ಬೇಸಗೆಯಲ್ಲಿ ನೆಂಟರ ಮದುವೆಗೆಂದು ಹೋದಾಗ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಮಾವಿನ ಕಾಲ. ಕೊಳೆತ ಹಣ್ಣಿನ ರಸ ಕಾಲಿಗೆ ಅಂಟುತ್ತಿತ್ತು, ಮುಖದ ತುಂಬ ನೊಣ. ತಪ್ಪಿಸಿಕೊಳ್ಳೋಣ ಅಂದುಕೊಂಡೆ, ಅವರೇ ನೋಡಿಬಿಟ್ಟರು. ಮನೆಯವರು ಹೇಗಿದ್ದಾರೆ ಸಾರ್ ಅಂದೆ.

"ಹೋದ್ಲು ಕಣಮ್ಮ, ಯುಗಾದಿ ಆದ್ಮೇಲೆ. ವರ್ಗ ಆದಾಗ ಲಾರೀಲಿ ಮಲಗಿಸ್ಕೊಂಡು ಕರ್ಕೊಂಬಂದಿದ್ದೆ. ಮಧ್ಯಾಹ್ನ ನೋಡ್ಕೊಳ್ಳೋಕೆ ಇಲ್ಲಿ ಆಗ್ಲಿಲ್ಲ, ರೂಮು ದೂರ." ಚಿಟಿಕೆ ನಶ್ಯ ತೆಗೆದವರು, ನನ್ನ ಮುಖ ನೋಡಿ ಹಾಗೇ ಡಬ್ಬಿಗೆ ವಾಪಸ್ ಹಾಕಿದರು. "ಅಕ್ಷರ ಸರಿಯಾಗಿ ಬರ್ತವಾ?"

"ಬರ್ತವೆ ಸಾರ್."

"ನೀರು ಹಾಕ್ತಿದ್ದೀಯಲ್ಲ?"

"ಹಾಕ್ತಿದ್ದೀನಿ."

"ಹಾಕ್ತಿರು," ಅಂದರು.

ಬಸ್ಸು ಬಂತು, ಹತ್ತಿದೆ. ತಪ್ಪಾಯಿತು ಅನ್ನಲಿಲ್ಲ. ಎರಡು ವರ್ಷಕ್ಕೆ ಅವರೂ ಹೋದರು ಅಂತ ಅಟೆಂಡರ್ ಹೇಳಿದ. ಮಣ್ಣಿಗೂ ನಾನು ಹೋಗಲಿಲ್ಲ.

ಈಗ ಅವರನ್ನು ದೇವರಂಥ ಮನುಷ್ಯ ಅಂತ ಬರೆಯಲು ನನ್ನಿಂದಾಗದು. ನಶ್ಯ ಅಂದರೆ ಇವತ್ತಿಗೂ ವಾಕರಿಕೆ. ಆದರೆ ಕನ್ನಡಕ ಏರಿಸಿ ನನ್ನ ಸಹಿ ನೋಡಿದ ಆ ಮುಖ ನೆನಪಾದಾಗ ಬರುವ ಹೇಸಿಗೆ ಇದೆಯಲ್ಲ, ಅದು ಅವರ ಮೇಲಿನದಲ್ಲ.

ಕರೆಂಟಿನವನು ಗುಂಡಿಗೆ ಹೊಸದಾಗಿ ಏನೋ ಪುಡಿ ತುಂಬಿ, "ಇದಕ್ಕೆ ನೀರು ಬೇಕಾಗಿಲ್ಲ ಮೇಡಂ, ಹಾಕೋದೇ ಬೇಡ," ಅಂದ. ಸರಿ ಕಣಪ್ಪ ಅಂದೆ. ಅವನು ಗೇಟು ದಾಟಿ ಹೋದ ಮೇಲೆ ಒಂದು ಬಿಂದಿಗೆ ತಂದು ಸುರಿದೆ.